ಸ್ಟೀಲ್ ಪಟ್ಟಿಯಲ್ಲಿ ಕಾಣದ ಡಿಫೆನ್ಸ್: ಡೇವಿಯನ್ ಮಿಚೆಲ್ ಬೇಲರ್ ತಂಡಕ್ಕೆ ಕೊಟ್ಟಿದ್ದೇನು?

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು. ಪಾಯಿಂಟ್ ಜಾಸ್ತಿ ಮಾಡುವುದಿಲ್ಲ. ಆದರೂ ಕೋಚ್ ನನ್ನನ್ನು ಬೆಂಚಿನಲ್ಲಿ ಕೂರಿಸುವುದಿಲ್ಲ. "ನಿನ್ನ ಡಿಫೆನ್ಸ್ ಬೇಕು" ಅಂತಾರೆ. ಈಚೆಗೆ ಅಮೆರಿಕದ ಬೇಲರ್ ವಿಶ್ವವಿದ್ಯಾಲಯ ತಂಡದ 2021ರ ಪಂದ್ಯಗಳನ್ನು ನೋಡುತ್ತಿದ್ದೇನೆ. ಆ ವರ್ಷ ದೇಶದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಡೇವಿಯನ್ ಮಿಚೆಲ್‌ಗೆ ಬಂತು. ಆದರೆ ಪಂದ್ಯಕ್ಕೆ ಅವನ ಸ್ಟೀಲ್ (ಎದುರಾಳಿಯಿಂದ ಚೆಂಡು ಕಿತ್ತುಕೊಂಡ ಲೆಕ್ಕ) 1.9. ಅದೇ ತಂಡದ ಇನ್ನೊಬ್ಬ ಗಾರ್ಡ್ ಜೇರೆಡ್ ಬಟ್ಲರ್‌ನದು 2.0. ಹಾಗಿದ್ದರೆ ಮಿಚೆಲ್ ಯಾವ ಲೆಕ್ಕದಲ್ಲಿ ಮೇಲು? ಒಬ್ಬ ಗಾರ್ಡ್‌ನ ಡಿಫೆನ್ಸ್ ತಂಡಕ್ಕೆ ಎಷ್ಟು ಉಪಯೋಗಕ್ಕೆ ಬಂತು ಅಂತ ಅಳೆಯುವುದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ಇಬ್ಬರ ಸ್ಟೀಲ್ ಅಂಕಿಯನ್ನು ನೀವು ಪಕ್ಕಪಕ್ಕ ಇಟ್ಟಿದ್ದೀರಿ. ಆ ಸ್ಟೀಲ್‌ಗಳು ಹುಟ್ಟಿದ್ದು ಎಲ್ಲಿ ಅಂತ ಸ್ವಲ್ಪ ಹಿಂದೆ ಹೋಗಿ ನೋಡಿದರೆ ಉತ್ತರ ಸಿಗುತ್ತದೆ.

ಕ್ರಿಕೆಟ್ ನೀವು ನೋಡಿಯೇ ಇರುತ್ತೀರಿ. ಒಂದು ತುದಿಯಿಂದ ಒಬ್ಬ ಬೌಲರ್ ಓವರಿಗೆ ಎರಡು ರನ್ ಕೂಡ ಕೊಡದೆ ಕಟ್ಟಿಹಾಕುತ್ತಾನೆ. ಬ್ಯಾಟ್ಸ್‌ಮನ್‌ಗೆ ಕೈಕಾಲು ಆಡುವುದಿಲ್ಲ. ತಡೆಯಲಾರದೆ ಇನ್ನೊಂದು ತುದಿಯಲ್ಲಿ ಬೀಸಲು ಹೋಗಿ ಔಟಾಗುತ್ತಾನೆ. ಸ್ಕೋರ್ ಕಾರ್ಡಿನಲ್ಲಿ ವಿಕೆಟ್ ಎರಡನೇ ಬೌಲರ್ ಹೆಸರಿನಲ್ಲಿರುತ್ತದೆ. ಪಂದ್ಯ ನೋಡಿದವರಿಗೆ ಮಾತ್ರ ಆ ವಿಕೆಟ್ ಅರ್ಧ ಯಾರದು ಅಂತ ಗೊತ್ತಿರುತ್ತದೆ.

ಬೇಲರ್ ತಂಡದಲ್ಲಿ ಆ ಕಟ್ಟಿಹಾಕುವ ಕೆಲಸ ಮಿಚೆಲ್‌ನದು. ಚೆಂಡು ಹಿಡಿದವನ ಮುಂದೆ ನಿಲ್ಲುವವನು ಅವನು. ಅವನಿಂದ ತಪ್ಪಿಸಿಕೊಳ್ಳಲು ಎದುರಾಳಿ ಅವಸರದಲ್ಲಿ ಒಂದು ಪಾಸ್ ಎಸೆಯುತ್ತಾನೆ. ಆ ಪಾಸ್‌ನ ದಾರಿಯಲ್ಲಿ ಕಾದು ನಿಂತವನಿಗೆ ಸ್ಟೀಲ್ ಸಿಗುತ್ತದೆ. ಬಟ್ಲರ್ ಚುರುಕು ಕೈಯ, ಚುರುಕು ಬುದ್ಧಿಯ ಆಟಗಾರ. ಆ ಸ್ಟೀಲ್‌ಗಳು ಅವನ ಸ್ವಂತ ಸಂಪಾದನೆಯೇ. ಆದರೆ ಮುಂದೆ ನಿಂತವನು ಬೇರೆ ಯಾರೋ ಆಗಿದ್ದರೆ ಅಂಥ ಪಾಸ್‌ಗಳು ಅಷ್ಟು ಸಲ ಬರುತ್ತಿರಲಿಲ್ಲ.

ಮಿಚೆಲ್ ಯಾರು ಅಂತ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಜಾರ್ಜಿಯಾ ರಾಜ್ಯದ ಹೈನ್ಸ್‌ವಿಲ್ ಊರಿನ ಹುಡುಗ. ಮೊದಲ ವರ್ಷ ಆಬರ್ನ್ ವಿಶ್ವವಿದ್ಯಾಲಯದಲ್ಲಿ ಆಡಿದ. ಆಮೇಲೆ ಟೆಕ್ಸಸ್‌ನ ವೇಕೋದಲ್ಲಿರುವ ಬೇಲರ್‌ಗೆ ಬಂದ. ಕಾಲೇಜು ಬದಲಿಸಿದವರು ಒಂದು ವರ್ಷ ಹೊರಗೆ ಕೂರಬೇಕು ಅನ್ನುವ ನಿಯಮ ಆಗ ಇತ್ತು. ಹಾಗಾಗಿ 2018-19ರಲ್ಲಿ ಪಂದ್ಯ ಆಡಲಿಲ್ಲ, ಬರೀ ಅಭ್ಯಾಸ ಮಾಡಿದ. ಎತ್ತರ ಪಟ್ಟಿಯಲ್ಲಿ 6 ಅಡಿ 2 ಇಂಚು. ಅಮೆರಿಕದ ಕಾಲೇಜು ಆಟದಲ್ಲಿ ಇದು ದೊಡ್ಡ ಎತ್ತರವೇನಲ್ಲ. ಅವನಿಗಿದ್ದ ಅಡ್ಡಹೆಸರು "ಆಫ್ ನೈಟ್". ಇವನ ಎದುರು ಆಡಿದವನಿಗೆ ಅವತ್ತು ರಾತ್ರಿ ಆಟ ಕೈಕೊಡುತ್ತದೆ ಅಂತ ಅದರ ಅರ್ಥ. 2021ರಲ್ಲಿ ನೈಸ್ಮಿತ್ ಸಂಸ್ಥೆ ಮತ್ತು ಅಲ್ಲಿನ ಕೋಚ್‌ಗಳ ಸಂಘ ಎರಡೂ ಅವನನ್ನೇ ವರ್ಷದ ಡಿಫೆಂಡರ್ ಅಂತ ಆರಿಸಿದವು. ಬೇಲರ್ ಆಡುವ ಬಿಗ್ 12 ಲೀಗ್‌ನಲ್ಲೂ ಆ ಗೌರವ ಅವನದೇ.

ಈಗ ವಿಡಿಯೋ ಹಾಕಿಕೊಂಡು ಒಂದು ಕೆಲಸ ಮಾಡಿ. ಚೆಂಡನ್ನು ನೋಡಬೇಡಿ. ಮಿಚೆಲ್‌ನ ಕಾಲು ಮಾತ್ರ ನೋಡಿ.

ಚೆಂಡು ಒಳಗೆ ಬಂದ ಕೂಡಲೇ ಅವನು ಮೊಣಕಾಲು ಮಡಚಿ ಕೆಳಗಿಳಿಯುತ್ತಾನೆ. ಅವನ ಹಣೆ ಎದುರಾಳಿಯ ಎದೆಯ ಮಟ್ಟಕ್ಕೆ ಬರುತ್ತದೆ. ಎದುರಾಳಿ ಬಲಕ್ಕೆ ಹೊರಟರೆ ಇವನು ಪಕ್ಕಕ್ಕೆ ಜಾರುತ್ತಾನೆ, ಕಾಲಿಗೆ ಕಾಲು ಅಡ್ಡ ಬರುವುದಿಲ್ಲ. ತೀರಾ ವೇಗವಾಗಿ ಹೋದರೆ ಮಾತ್ರ ತಿರುಗಿ ಎರಡು ಹೆಜ್ಜೆ ಓಡಿ ಮತ್ತೆ ಮುಂದೆ ಬಂದು ಕೂರುತ್ತಾನೆ. ಎದುರಾಳಿ ಭುಜ ಕೊಟ್ಟು ನುಗ್ಗಿದಾಗ ಕೈ ಚಾಚುವುದಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡು ಎದೆಯಲ್ಲೇ ತಡೆಯುತ್ತಾನೆ. ಕೈ ತಾಗಿದರೆ ರೆಫರಿ ಸೀಟಿ ಊದುತ್ತಾರೆ. ದಾರಿಯಲ್ಲಿ ಮೊದಲೇ ಬಂದು ನಿಂತವನಿಗೆ ಎದೆ ತಾಗಿದರೆ ಊದುವುದಿಲ್ಲ. ಕೋರ್ಟಿನಲ್ಲಿ ಮೈಮೇಲೆ ಬಿದ್ದು ಆಡಿದರೂ ಫೌಲ್ ಆಗದೆ ಉಳಿಯುವ ಗುಟ್ಟು ಇಷ್ಟೇ. ಹೇಳಲು ಸುಲಭ. ಸುಸ್ತಾದ ಕಾಲಿನಲ್ಲಿ ಮಾಡುವುದು ಬಹಳ ಕಷ್ಟ.

ಸ್ಕ್ರೀನ್ ಬಂದಾಗ, ಅಂದರೆ ಎದುರು ತಂಡದ ಇನ್ನೊಬ್ಬ ಡಿಫೆಂಡರ್‌ನ ದಾರಿಗೆ ಅಡ್ಡ ನಿಂತಾಗ, ಇನ್ನೂ ಚೆನ್ನಾಗಿ ಕಾಣುತ್ತದೆ. ಆರೂಮುಕ್ಕಾಲು ಅಡಿಯ ಆಳು ಗೋಡೆಯ ಹಾಗೆ ಬಂದು ನಿಲ್ಲುತ್ತಾನೆ. ಸಾಮಾನ್ಯ ಗಾರ್ಡ್ ಆ ಗೋಡೆಗೆ ಡಿಕ್ಕಿ ಹೊಡೆದು ನಿಂತುಬಿಡುತ್ತಾನೆ. ಇಲ್ಲವಾದರೆ ಸುತ್ತು ಹಾಕಿ ಹಿಂದಿನಿಂದ ಹೋಗುತ್ತಾನೆ. ಅಷ್ಟರಲ್ಲಿ ಎದುರಾಳಿ ಶಾಟ್ ಹೊಡೆದಾಗಿರುತ್ತದೆ. ಮಿಚೆಲ್ ಭುಜ ಓರೆ ಮಾಡುತ್ತಾನೆ, ಮುಂದಿನ ಕಾಲನ್ನು ಸ್ಕ್ರೀನ್ ಕೊಟ್ಟವನ ಕಾಲಿನ ಆಚೆ ಇಡುತ್ತಾನೆ, ಸಂದಿಯಲ್ಲಿ ನುಸುಳಿ ಆಚೆ ಬರುತ್ತಾನೆ. ಆ ಒಂದು ಹೆಜ್ಜೆಯ ಮೇಲೆ ಉಳಿದ ನಾಲ್ವರ ಕೆಲಸ ನಿಂತಿದೆ.

ನನಗೆ ಗೊತ್ತಿರುವ ಮಟ್ಟಿಗೆ ಗಾರ್ಡ್‌ನ ಡಿಫೆನ್ಸ್‌ಗೆ ಬೆಲೆ ಕಟ್ಟಬೇಕಾದ್ದು ಇಲ್ಲಿ. ಅವನು ಏನು ಕಿತ್ತುಕೊಂಡ ಅನ್ನುವುದಕ್ಕಿಂತ, ಉಳಿದ ನಾಲ್ವರು ತಮ್ಮ ಜಾಗ ಬಿಟ್ಟು ಓಡಬೇಕಾಗಿ ಬರಲಿಲ್ಲ ಅನ್ನುವುದನ್ನು ಎಣಿಸಬೇಕು. ಗಾರ್ಡ್ ಸೋತರೆ ಏನಾಗುತ್ತದೆ ನೋಡಿ. ಎದುರಾಳಿ ಅವನನ್ನು ದಾಟಿ ಒಳಗೆ ನುಗ್ಗುತ್ತಾನೆ. ಅವನನ್ನು ತಡೆಯಲು ಬುಟ್ಟಿಯ ಹತ್ತಿರ ಕಾಯುವ ಸೆಂಟರ್ ಮುಂದೆ ಬರಬೇಕು. ಆಗ ಸೆಂಟರ್ ಬಿಟ್ಟುಬಂದ ಆಳು ಖಾಲಿ. ಅವನನ್ನು ಹಿಡಿಯಲು ಮೂಲೆಯಲ್ಲಿದ್ದವನು ಒಳಗೆ ಬರಬೇಕು. ಆಗ ಮೂಲೆಯ ಶೂಟರ್ ಖಾಲಿ. ಪಾಸ್ ಅಲ್ಲಿಗೆ ಹೋಗುತ್ತದೆ, ಮೂರು ಪಾಯಿಂಟ್. ಶಾಟ್ ತಪ್ಪಿದರೂ ನೆಮ್ಮದಿಯಿಲ್ಲ, ಯಾಕೆಂದರೆ ರಿಬೌಂಡ್‌ಗೆ (ತಪ್ಪಿ ಹಿಂದೆ ಬಂದ ಚೆಂಡಿಗೆ) ಎದುರಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕಾದವರೆಲ್ಲ ಎಲ್ಲೆಲ್ಲೋ ಓಡಿಹೋಗಿದ್ದಾರೆ. ಮರುದಿನ ಅಂಕಿ ನೋಡಿದವರು ಮೂಲೆಯವನನ್ನು ಬೈಯುತ್ತಾರೆ, ಸೆಂಟರ್‌ನನ್ನು ಬೈಯುತ್ತಾರೆ. ಮೊದಲು ಸೋತ ಗಾರ್ಡ್ ಹೆಸರು ಎಲ್ಲೂ ಇರುವುದಿಲ್ಲ.

ಇದನ್ನೇ ತಿರುಗಿಸಿ ನೋಡಿದರೆ ಮಿಚೆಲ್ ಸಿಗುತ್ತಾನೆ. ಅವನು ಸೋಲದಿದ್ದಾಗ ಏನೂ ಆಗುವುದಿಲ್ಲ. ಏನೂ ಆಗದಿದ್ದುದಕ್ಕೆ ಸ್ಕೋರ್ ಕಾರ್ಡಿನಲ್ಲಿ ಕಾಲಂ ಇಲ್ಲ.

ಬೇಲರ್ ಆಡುತ್ತಿದ್ದ ಪದ್ಧತಿಗೆ ಇಂಥವನು ಬೇಕೇಬೇಕಿತ್ತು. ಕೋಚ್ ಸ್ಕಾಟ್ ಡ್ರೂ ಮೊದಲು ಹಲವು ವರ್ಷ ಝೋನ್ ಡಿಫೆನ್ಸ್ ಜಾಸ್ತಿ ಆಡಿಸುತ್ತಿದ್ದರು, ಅಂದರೆ ಒಬ್ಬೊಬ್ಬರೂ ಒಂದೊಂದು ಜಾಗ ಕಾಯುವುದು. 2019-20ರಲ್ಲಿ ಒಬ್ಬೊಬ್ಬರೂ ಒಬ್ಬ ಎದುರಾಳಿಯನ್ನು ಕಾಯುವ ಮ್ಯಾನ್ ಟು ಮ್ಯಾನ್‌ಗೆ ಬದಲಾದರು. ಅದರಲ್ಲೂ "ನೋ ಮಿಡಲ್" ಅನ್ನುವ ಬಗೆ. ಟೆಕ್ಸಸ್ ಟೆಕ್ ತಂಡ ಅದನ್ನೇ ಆಡಿ 2019ರ ರಾಷ್ಟ್ರೀಯ ಟೂರ್ನಿಯ ಫೈನಲ್‌ವರೆಗೆ ಹೋಗಿತ್ತು. ಇದರ ನಿಯಮ ಒಂದೇ: ಚೆಂಡನ್ನು ಕೋರ್ಟಿನ ನಡುವಿಗೆ ಬಿಡಬಾರದು. ನಡುವಿಗೆ ಬಂದರೆ ಎಡಕ್ಕೂ ಪಾಸ್, ಬಲಕ್ಕೂ ಪಾಸ್. ಬದಿಗೆ ತಳ್ಳಿದರೆ ಒಂದು ಪಕ್ಕದಲ್ಲಿ ಗೆರೆಯೇ ಕಾವಲು ನಿಲ್ಲುತ್ತದೆ. ಹಾಗಾಗಿ ಗಾರ್ಡ್ ನೇರ ಎದುರು ನಿಲ್ಲದೆ ಓರೆಯಾಗಿ, ನಡುವಿನ ದಾರಿ ಮುಚ್ಚಿ ನಿಲ್ಲುತ್ತಾನೆ. ಸಹಾಯಕ್ಕೆ ಬರುವವನಿಗೆ ಚೆಂಡು ಯಾವ ಕಡೆಯಿಂದ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಚೆನ್ನಾಗಿ ಆಡಿದರೆ ಇದು ಬಲೆ. ಆದರೆ ಮುಂದಿನವನು ನಡುವಿಗೆ ಒಂದೇ ಸಲ ದಾರಿ ಬಿಟ್ಟರೂ ಹಿಂದಿನವರೆಲ್ಲ ತಪ್ಪು ಜಾಗದಲ್ಲಿ ನಿಂತಿರುತ್ತಾರೆ. ಇಡೀ ಪದ್ಧತಿಯನ್ನು ಒಬ್ಬ ಗಾರ್ಡ್‌ನ ಕಾಲಿನ ಮೇಲೆ ಕಟ್ಟಿದ ಹಾಗೆ. ಡ್ರೂ ಹಾಗೆ ಕಟ್ಟಿದ ಮೊದಲ ವರ್ಷ ಬೇಲರ್ ಸತತ 23 ಪಂದ್ಯ ಗೆದ್ದು, ಒಟ್ಟು 26 ಗೆದ್ದು 4 ಸೋತಿತು. ಕೋವಿಡ್‌ನಿಂದ ಆ ವರ್ಷದ ರಾಷ್ಟ್ರೀಯ ಟೂರ್ನಿಯೇ ನಡೆಯಲಿಲ್ಲ.

ಇನ್ನೊಂದು ಕಾಣದ ಲಾಭ ಗಡಿಯಾರದ್ದು. ಅಮೆರಿಕದ ಪುರುಷರ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ (ಚೆಂಡು ಸಿಕ್ಕ ಮೇಲೆ ಶಾಟ್ ಹೊಡೆಯಲು ಇರುವ ಸಮಯ) 30 ಸೆಕೆಂಡ್. ಅರ್ಧ ಕೋರ್ಟ್ ದಾಟಲು 10 ಸೆಕೆಂಡ್. ಯಾರೂ ತಡೆಯದಿದ್ದರೆ ಗಾರ್ಡ್ ನಾಲ್ಕೈದು ಸೆಕೆಂಡಿನಲ್ಲಿ ಆರಾಮವಾಗಿ ದಾಟಿ ಬಂದು ಆಟ ಶುರು ಮಾಡುತ್ತಾನೆ. ಮಿಚೆಲ್‌ನಂಥವನು ಕೋರ್ಟಿನ 94 ಅಡಿ ಉದ್ದಕ್ಕೂ ಮುಂದೆ ನಿಂತರೆ ದಾಟುವುದಕ್ಕೇ ಎಂಟು ಸೆಕೆಂಡ್ ಹೋಗುತ್ತದೆ. ಆಮೇಲೆ ಚೆಂಡನ್ನು ಬೇಕಾದ ಜಾಗಕ್ಕೆ ತಲುಪಿಸಲು ಇನ್ನೂ ಮೂರು ನಾಲ್ಕು. ಉಳಿದದ್ದು ಹದಿನೆಂಟು ಸೆಕೆಂಡ್. ಅಷ್ಟರಲ್ಲಿ ಒಂದು ಪ್ಲೇ ಆಡಬಹುದು. ಅದು ಕೆಟ್ಟರೆ ಎರಡನೆಯದಕ್ಕೆ ಪುರುಸೊತ್ತಿಲ್ಲ. ಯಾರೋ ಒಬ್ಬ ಕೊನೆ ಗಳಿಗೆಯಲ್ಲಿ ಕಷ್ಟದ ಶಾಟ್ ಎಸೆಯುತ್ತಾನೆ. ಎಸೆದವನು ಮಿಚೆಲ್ ಕಾಯುತ್ತಿದ್ದವನೇ ಆಗಿರಬೇಕಿಲ್ಲ. ನೀವು ಆಡುವ ಅಂತಾರಾಷ್ಟ್ರೀಯ ನಿಯಮದಲ್ಲಿ ಇದು 24 ಮತ್ತು 8 ಸೆಕೆಂಡ್. ಅಂದರೆ ನಿಮ್ಮ ಕೈಯಲ್ಲಿ ಈ ಅಸ್ತ್ರ ಇನ್ನೂ ಹರಿತ. ನಾಲ್ಕು ಸೆಕೆಂಡ್ ತಿಂದುಹಾಕಿದರೆ ಎದುರಾಳಿಯ ಆರನೇ ಒಂದು ಪಾಲು ಸಮಯ ಹೋಯಿತು.

ಇಷ್ಟು ಹೇಳಿದ ಮೇಲೆ 2021ರ ಏಪ್ರಿಲ್ 5ರ ರಾಷ್ಟ್ರೀಯ ಟೂರ್ನಿಯ ಫೈನಲ್ ನೋಡಲೇಬೇಕು. ಇಂಡಿಯಾನಾಪೊಲಿಸ್‌ನಲ್ಲಿ ಬೇಲರ್ ಎದುರು ಗೊಂಜಾಗಾ. ಗೊಂಜಾಗಾ ಆವರೆಗೆ 31 ಪಂದ್ಯ ಆಡಿ ಒಂದನ್ನೂ ಸೋತಿರಲಿಲ್ಲ. 1976ರ ಇಂಡಿಯಾನಾ ನಂತರ ಸೋಲೇ ಇಲ್ಲದೆ ಚಾಂಪಿಯನ್ ಆಗುವ ಮೊದಲ ತಂಡ ಆಗುತ್ತದೆ ಅಂತ ತುಂಬಾ ಜನ ನಂಬಿದ್ದರು. ಬೇಲರ್ ಮೊದಲ 9 ಪಾಯಿಂಟ್‌ಗಳನ್ನು ಒಂದೇ ಸಮನೆ ಹೊಡೆಯಿತು. ಮೊದಲಾರ್ಧದಲ್ಲೇ ಒಂದು ಹಂತದಲ್ಲಿ 29-10. ಕೊನೆಗೆ 86-70. ಪಂದ್ಯದ ಒಂದು ನಿಮಿಷದಲ್ಲೂ ಗೊಂಜಾಗಾ ಮುಂದಿರಲಿಲ್ಲ.

ಆದರೆ ಅಂಕಿ ನೋಡಿದರೆ ನಿಮಗೆ ಮತ್ತೆ ಗೊಂದಲ ಆಗುತ್ತದೆ. ಗೊಂಜಾಗಾ 49 ಶಾಟ್‌ನಲ್ಲಿ 25 ಹಾಕಿತು, ಅರ್ಧಕ್ಕಿಂತ ಜಾಸ್ತಿ. ಬೇಲರ್ 67ರಲ್ಲಿ 30, ಅರ್ಧಕ್ಕಿಂತ ಕಡಿಮೆ. ಗೊಂಜಾಗಾದ ಗಾರ್ಡ್ ಜೇಲನ್ ಸಗ್ಸ್ 22 ಪಾಯಿಂಟ್ ಮಾಡಿದ. ಹಾಗಾದರೆ ಡಿಫೆನ್ಸ್ ಎಲ್ಲಿತ್ತು?

49 ಮತ್ತು 67. ಈ ಎರಡು ಅಂಕಿಗಳ ನಡುವೆ ಇತ್ತು. ಚೆನ್ನಾಗಿ ಗುರಿಯಿಡುವ ತಂಡಕ್ಕೆ ಗುರಿಯಿಡುವ ಅವಕಾಶವೇ 18 ಸಲ ಕಡಿಮೆ ಸಿಕ್ಕಿತು. ಒಂದಷ್ಟು ಸಲ ಶಾಟ್‌ಗೆ ಮೊದಲೇ ಚೆಂಡು ಕೈಬಿಟ್ಟಿತು. ತಪ್ಪಿದ ಶಾಟ್‌ಗಳಲ್ಲಿ ತನ್ನದೇ ರಿಬೌಂಡ್ ಗೊಂಜಾಗಾಗೆ ಸಿಕ್ಕಿದ್ದು 5 ಸಲ ಮಾತ್ರ. ಬೇಲರ್‌ಗೆ ಅದು 16. ಆ 16ರ ಹಿಂದೆ ಇರುವುದು ಬೇಲರ್‌ನ ಮಾರ್ಕ್ ವೈಟಲ್‌ನಂಥವರ ಬೆವರು. ಅದನ್ನು ಮಿಚೆಲ್ ಖಾತೆಗೆ ಹಾಕುವುದು ತಪ್ಪು. ಆದರೆ ಗೊಂಜಾಗಾವನ್ನು 5ಕ್ಕೆ ನಿಲ್ಲಿಸಿದ್ದರಲ್ಲಿ ಮುಂದೆ ನಿಂತ ಗಾರ್ಡ್‌ಗಳಿಗೆ ಪಾಲಿದೆ. ಒಳಗಿನವರು ಜಾಗ ಬಿಟ್ಟು ಓಡಬೇಕಾಗಿ ಬರಲಿಲ್ಲ, ಬೆನ್ನು ಕೊಟ್ಟು ನಿಂತರು. ಸಗ್ಸ್‌ನ 22 ಪಾಯಿಂಟ್ ಬಗ್ಗೆಯೂ ಒಂದು ಮಾತು. ಗೊಂಜಾಗಾ ಇಡೀ ವರ್ಷ ಗೆದ್ದದ್ದು ಐದೂ ಜನ ಚೆಂಡು ಹಂಚಿಕೊಂಡು ಓಡಿ. ಒಬ್ಬನೇ ಒದ್ದಾಡಿ 22 ಮಾಡುವ ಪರಿಸ್ಥಿತಿ ಬಂತು ಅಂದರೆ ಆ ಹಂಚಿಕೆ ಕೆಟ್ಟಿತ್ತು. ಉಳಿದ ಇಬ್ಬರು ಮುಖ್ಯ ಆಟಗಾರರಾದ ಕೋರಿ ಕಿಸ್ಪರ್ಟ್ ಮತ್ತು ಡ್ರೂ ಟಿಮಿ ಹನ್ನೆರಡು ಹನ್ನೆರಡಕ್ಕೆ ನಿಂತರು.

ಅದೇ ಟೂರ್ನಿಯಲ್ಲಿ ಅದಕ್ಕೂ ಮೊದಲು ನಡೆದ ವಿಲನೋವಾ ಎದುರಿನ ಪಂದ್ಯವನ್ನೂ ನೋಡಿ. ಅರ್ಧಕ್ಕೆ ಬೇಲರ್ 23-30ರಲ್ಲಿ ಹಿಂದಿತ್ತು. ಬೇಲರ್‌ನ ಮೂರು ಪಾಯಿಂಟ್ ಶಾಟ್ ಅವತ್ತು ಬೀಳುತ್ತಿರಲಿಲ್ಲ. ಎರಡನೇ ಅರ್ಧದಲ್ಲಿ ವಿಲನೋವಾಗೆ ಕೊಟ್ಟಿದ್ದು 21 ಪಾಯಿಂಟ್ ಮಾತ್ರ. 62-51ಕ್ಕೆ ಗೆದ್ದರು. ಡಿಫೆನ್ಸ್ ಇರುವ ತಂಡಕ್ಕೆ ಶಾಟ್ ಬೀಳದ ದಿನವೂ ಒಂದು ಆಸರೆ ಇರುತ್ತದೆ. ಆದರೆ ವಿಲನೋವಾದ ಮುಖ್ಯ ಗಾರ್ಡ್ ಕಾಲಿನ್ ಗಿಲೆಸ್ಪಿ ಗಾಯದಿಂದ ಹೊರಗಿದ್ದ ಅನ್ನುವುದನ್ನೂ ನೆನಪಿಡಬೇಕು. ಅವನಿದ್ದಿದ್ದರೆ ಆ ಒತ್ತಡಕ್ಕೆ ಬೇರೆ ಉತ್ತರ ಸಿಗುತ್ತಿತ್ತೇನೋ.

ಮಿಚೆಲ್ ಒಬ್ಬನಿಂದಲೇ ಎಲ್ಲ ಆಯಿತು ಅಂತ ನಾನು ಹೇಳಿದರೆ ಅದು ಸುಳ್ಳು. ಅದಕ್ಕೆ ಅದೇ ವರ್ಷದ ಫೆಬ್ರವರಿಯೇ ಸಾಕ್ಷಿ. ಬೇಲರ್ 17 ಗೆದ್ದು ಒಂದೂ ಸೋತಿರಲಿಲ್ಲ. ಕೋವಿಡ್‌ನಿಂದ ಮೂರು ವಾರ ಪಂದ್ಯವಿಲ್ಲದೆ ಉಳಿಯಬೇಕಾಯಿತು. ವಾಪಸ್ ಬಂದ ಮೊದಲ ಪಂದ್ಯ ಐಯೊವಾ ಸ್ಟೇಟ್ ಜೊತೆ. ಆ ತಂಡ ಇಡೀ ವರ್ಷದಲ್ಲಿ ಗೆದ್ದದ್ದೇ ಎರಡು ಪಂದ್ಯ. ಅವರ ಎದುರು ಬೇಲರ್ ತಿಣುಕಾಡಿ 77-72ಕ್ಕೆ ಗೆದ್ದಿತು. ಮುಂದಿನ ಪಂದ್ಯದಲ್ಲಿ ಕ್ಯಾನ್ಸಸ್ ಎದುರು 58-71ಕ್ಕೆ ಸೋತಿತು. ಮಿಚೆಲ್ ಅದೇ ಮಿಚೆಲ್. ಪದ್ಧತಿ ಅದೇ ಪದ್ಧತಿ. ಕಾಲಿನಲ್ಲಿ ಕಸುವು ಮಾತ್ರ ಇರಲಿಲ್ಲ. ಇಂಥ ಡಿಫೆನ್ಸ್ ಐವರೂ ಉಸಿರು ಗಟ್ಟಿಯಾಗಿದ್ದಾಗ ಮಾತ್ರ ನಿಲ್ಲುತ್ತದೆ.

ಈಗ ಅಳೆಯುವ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ವಿಶ್ಲೇಷಕರು ಪಂದ್ಯಕ್ಕೆ ಎಷ್ಟು ಪಾಯಿಂಟ್ ಬಿಟ್ಟರು ಅಂತ ನೋಡುವುದಿಲ್ಲ. ಎದುರಾಳಿಯ ಕೈಗೆ ಚೆಂಡು ಬಂದ ಪ್ರತಿ 100 ಸರದಿಗೆ ಎಷ್ಟು ಬಿಟ್ಟರು ಅಂತ ನೋಡುತ್ತಾರೆ. ನಿಧಾನ ಆಡುವ ತಂಡಕ್ಕೂ ಓಡಾಡುವ ತಂಡಕ್ಕೂ ಆಗ ಒಂದೇ ತಕ್ಕಡಿ. ಒಬ್ಬ ಆಟಗಾರ ಕೋರ್ಟಿನಲ್ಲಿದ್ದಾಗ ಎಷ್ಟು, ಬೆಂಚಿನಲ್ಲಿದ್ದಾಗ ಎಷ್ಟು ಅಂತಲೂ ಬೇರೆ ಮಾಡುತ್ತಾರೆ. ಇದು ಉಪಯೋಗದ ಅಂಕಿ, ಆದರೆ ಕಾಲೇಜು ಮಟ್ಟದಲ್ಲಿ ಹುಷಾರಾಗಿ ಬಳಸಬೇಕು. ಪಂದ್ಯ ಕಡಿಮೆ. ಒಳ್ಳೆಯ ಗಾರ್ಡ್ ಹೊರಗೆ ಹೋಗುವುದೇ ಅಪರೂಪ, ಹೋದಾಗಲೂ ಎದುರು ತಂಡದ ಎರಡನೇ ಸಾಲಿನವರು ಆಡುತ್ತಿರುತ್ತಾರೆ. ಮಿಚೆಲ್ ಮತ್ತು ಬಟ್ಲರ್ ಹೆಚ್ಚು ಹೊತ್ತು ಒಟ್ಟಿಗೇ ಇರುತ್ತಿದ್ದರು, ಯಾರ ಪಾಲು ಎಷ್ಟು ಅಂತ ಬಿಡಿಸುವುದು ಸುಲಭವಲ್ಲ.

ನಿಮ್ಮ ಮಟ್ಟಕ್ಕೆ ನೋಟ್‌ಬುಕ್ಕೇ ಸಾಕು. ನನ್ನದೇ ಅನುಭವ ಹೇಳುತ್ತೇನೆ. ಕೋಚಿಂಗ್ ಶುರು ಮಾಡಿದ ಕಾಲದಲ್ಲಿ ನಾನೂ ಸ್ಟೀಲ್ ಎಣಿಸಿಯೇ ಒಳ್ಳೆಯ ಡಿಫೆಂಡರ್ ಯಾರು ಅಂತ ತೀರ್ಮಾನಿಸುತ್ತಿದ್ದೆ. ಒಬ್ಬ ಹುಡುಗ ಪಂದ್ಯಕ್ಕೆ ನಾಲ್ಕು ಐದು ಸ್ಟೀಲ್ ಮಾಡುತ್ತಿದ್ದ. ಅವನನ್ನು ಎಲ್ಲರ ಮುಂದೆ ಹೊಗಳುತ್ತಿದ್ದೆ. ಒಂದು ದಿನ ಗಾಯಗೊಂಡು ಕೂತಿದ್ದ ಇನ್ನೊಬ್ಬ ಹುಡುಗನ ಕೈಗೆ ಪುಸ್ತಕ ಕೊಟ್ಟು, ಯಾರನ್ನು ಎಷ್ಟು ಸಲ ದಾಟಿಕೊಂಡು ಒಳಗೆ ಹೋದರು ಅಂತ ಬರೆಯಲು ಹೇಳಿದೆ. ಪಂದ್ಯ ಮುಗಿದ ಮೇಲೆ ನೋಡಿದರೆ ಸ್ಟೀಲ್ ಹುಡುಗನ ಹೆಸರಿನ ಮುಂದೆ ಹದಿಮೂರು ಗೆರೆ. ಸ್ಟೀಲ್ ಮಾಡಲು ಕೈ ಚಾಚಿ ತಪ್ಪಿದಾಗಲೆಲ್ಲ ಎದುರಾಳಿಗೆ ಬಾಗಿಲು ತೆರೆದಿತ್ತು. ಸುಮ್ನೆ ಮೂಲೆಯಲ್ಲಿ ಇರುತ್ತಿದ್ದ, ನಾನು ಯಾವತ್ತೂ ಹೊಗಳದ ಹುಡುಗನ ಮುಂದೆ ಎರಡೇ ಗೆರೆ. ಆ ಹಾಳೆಯನ್ನು ನಾನು ಬಹಳ ದಿನ ಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ.

ನೀವೂ ಹಾಗೆ ಮಾಡಿಸಿ. ದಾಟಿಹೋದ ಸಲಗಳನ್ನು ಮೊದಲು ಎಣಿಸಬೇಕು. ಆಮೇಲೆ ನಿಮ್ಮ ಕೈ ಚೆಂಡಿಗೆ ತಾಗಿದ ಸಲ, ಸ್ಟೀಲ್ ಆಗದಿದ್ದರೂ ಪರವಾಗಿಲ್ಲ. ರಿಕ್ ಪಿಟಿನೊ ತರಹದ ದೊಡ್ಡ ಕೋಚ್‌ಗಳು ಸ್ಟೀಲ್‌ಗಿಂತ ಈ ತಾಗಿದ ಲೆಕ್ಕವನ್ನೇ ಜಾಸ್ತಿ ನಂಬುತ್ತಾರೆ. ಎದುರಾಳಿ ಗಾರ್ಡ್ ಅರ್ಧ ಗೆರೆ ದಾಟಿದಾಗ ಶಾಟ್ ಕ್ಲಾಕ್‌ನಲ್ಲಿ ಎಷ್ಟಿತ್ತು ಅಂತ ಬರೆಸಿ. ನಿಮ್ಮ ಫೌಲ್‌ಗಳನ್ನೂ ಬರೆಸಿ, ಯಾಕೆಂದರೆ ಐದು ಫೌಲ್ ಮಾಡಿ ಹೊರಗೆ ಕೂತವನ ಡಿಫೆನ್ಸ್ ಯಾರಿಗೂ ಬೇಡ. ಅಂದಾಜಿಗೆ ಹೀಗೆ ನೋಡಿ: ನಿಮ್ಮಿಂದಾಗಿ ಪಂದ್ಯಕ್ಕೆ ಎದುರಾಳಿಯ ನಾಲ್ಕು ಸರದಿ ಹಾಳಾಯಿತು, ಒಂದೊಂದು ಸರದಿಗೆ ಸುಮಾರು ಒಂದು ಪಾಯಿಂಟ್ ಅಂತಿಟ್ಟುಕೊಂಡರೆ ನೀವು ನಾಲ್ಕು ಪಾಯಿಂಟ್ ಗಳಿಸಿದ ಹಾಗೆ. ಕಾಲೇಜು ಪಂದ್ಯಗಳು ಎಷ್ಟರಲ್ಲಿ ಗೆಲುವು ಸೋಲು ಆಗುತ್ತವೆ ಅಂತ ನಿಮಗೇ ಗೊತ್ತು ಅಲ್ವಾ?

ಅಭ್ಯಾಸಕ್ಕೆ ಒಂದು ಟವೆಲ್ ಸಾಕು. ಎರಡೂ ಕೈಯಲ್ಲಿ ಅದರ ತುದಿಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು, ಡ್ರಿಬಲ್ ಮಾಡುವ ಗೆಳೆಯನ ಮುಂದೆ ಕೋರ್ಟಿನ ಈ ಕೊನೆಯಿಂದ ಆ ಕೊನೆಗೆ ಜಾರಿ. ಕೈ ಇಲ್ಲದಾಗ ಕಾಲು ತಾನೇ ಕಲಿಯುತ್ತದೆ. ವಾರಕ್ಕೆ ಮೂರು ದಿನ, ಹತ್ತು ಸಲ.

ಕೊನೆಯದಾಗಿ, "ಪಾಯಿಂಟ್ ಜಾಸ್ತಿ ಮಾಡುವುದಿಲ್ಲ" ಅಂತ ಬರೆದಿದ್ದೀರಲ್ಲ, ಅದನ್ನು ಹಾಗೇ ಬಿಡಬೇಡಿ. 2019-20ರಲ್ಲಿ ಮಿಚೆಲ್‌ನ ಮೂರು ಪಾಯಿಂಟ್ ಶಾಟ್ ನೂರಕ್ಕೆ 32ರ ಆಸುಪಾಸು. ಎದುರಾಳಿಗಳು ಅವನನ್ನು ದೂರದಲ್ಲಿ ಬಿಟ್ಟು ಬಟ್ಲರ್ ಮೇಲೆ ಇಬ್ಬರನ್ನು ಕಳಿಸಬಹುದಿತ್ತು. ಮರುವರ್ಷ ಅದು 44.7ಕ್ಕೆ ಏರಿತು, ಪಂದ್ಯಕ್ಕೆ 14 ಪಾಯಿಂಟ್, 5.5 ಅಸಿಸ್ಟ್ (ಜೊತೆಗಾರನ ಬುಟ್ಟಿಗೆ ದಾರಿ ಮಾಡಿದ ಪಾಸ್). ಹೂಸ್ಟನ್ ಎದುರಿನ ಸೆಮಿಫೈನಲ್‌ನಲ್ಲಿ 12 ಪಾಯಿಂಟ್ ಜೊತೆ 11 ಅಸಿಸ್ಟ್ ಮಾಡಿದ. ಆ ವರ್ಷದ ಎನ್‌ಬಿಎ ಡ್ರಾಫ್ಟ್‌ನಲ್ಲಿ (ಅಮೆರಿಕದ ವೃತ್ತಿಪರ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವುದು) ಸ್ಯಾಕ್ರಮೆಂಟೊ ತಂಡ ಅವನನ್ನು 9ನೇ ಆಯ್ಕೆಯಾಗಿ ತೆಗೆದುಕೊಂಡಿತು. ಶಾಟ್ ಇದ್ದದ್ದರಿಂದಲೇ ಅವನ ಡಿಫೆನ್ಸ್ ಕೊನೆಯ ಐದು ನಿಮಿಷದಲ್ಲೂ ಕೋರ್ಟಿನಲ್ಲಿ ಉಳಿಯಿತು. ನಿಮಗೆ ದಿನಕ್ಕೆ ನೂರು ಶಾಟ್ ಸಾಕು, ಎರಡೂ ಮೂಲೆಯಿಂದ ಐವತ್ತೈವತ್ತು. ಗಾರ್ಡ್‌ಗೆ ಖಾಲಿ ಪಾಸ್ ಹೆಚ್ಚಾಗಿ ಬರುವುದು ಅಲ್ಲಿಗೇ. ಮುಂದಿನ ಪಂದ್ಯದ ನೋಟ್‌ಬುಕ್ ಹಾಳೆಯ ಫೋಟೋ ಕಳಿಸಿ, ಒಟ್ಟಿಗೆ ಕೂತು ನೋಡಿದ ಹಾಗೆ ಗೆರೆ ಗೆರೆ ನೋಡೋಣ.